ಖಣದ ಕುರ್ತಾ ಯಾರಿಗೆ ಒಪ್ಪಬೇಕು, ಎಷ್ಟು ವರ್ಷ ಬಾಳಬೇಕು?

ಖಣ ಅಂದರೆ ಮೊದಲೆಲ್ಲ ಕುಬಸಕ್ಕೆ, ಇಲ್ಲವೇ ಉಡಿ ತುಂಬಲಿಕ್ಕೆ. ಈಗ ಅದೇ ಗುಳೇದಗುಡ್ಡದ ಖಣ ಕುರ್ತಾ ಆಗಿದೆ, ಜಾಕೆಟ್ ಆಗಿದೆ, ಕೈಚೀಲ ಆಗಿದೆ. ಇಳಕಲ್ ಬಟ್ಟೆಯಲ್ಲಿ ಹೊಲಿದ ಗೌನು ಮದುವೆ ಮನೆಗಳಲ್ಲಿ ಕಾಣುತ್ತದೆ. ಇದನ್ನು ಮಾಡುತ್ತಿರುವವರಲ್ಲಿ ಡಿಸೈನ್ ಓದಿ ಊರಿಗೆ ಮರಳಿದ ಹೊಸಬರೂ ಇದ್ದಾರೆ. ಅವರ ಇನ್‌ಸ್ಟಾಗ್ರಾಂ ಪುಟದಲ್ಲಿ, ಬಟ್ಟೆಗೆ ಕಟ್ಟಿದ ಚೀಟಿಯಲ್ಲಿ ಎರಡು ಮಾತು ಮತ್ತೆ ಮತ್ತೆ ಬರುತ್ತವೆ. ಒಂದು ಸಸ್ಟೇನಬಲ್, ಇನ್ನೊಂದು ಇನ್‌ಕ್ಲೂಸಿವ್. ಬೆಲೆ ಮಾತ್ರ ಬಜಾರದ ಕುರ್ತಾಕ್ಕಿಂತ ಜಾಸ್ತಿ. ಹಾಗಾದರೆ ಆ ಜಾಸ್ತಿ ದುಡ್ಡಿಗೆ ನಮಗೆ ಸಿಗುವುದೇನು? ಕೇಳಲೇಬೇಕಾದ ಪ್ರಶ್ನೆ ಅಲ್ವಾ?

ಸಸ್ಟೇನಬಲ್ ಬಟ್ಟೆ ಅಂದರೆ ಅದನ್ನು ತಯಾರಿಸುವಾಗ, ಉಡುವಾಗ, ಕೊನೆಗೆ ಬಿಸಾಡುವಾಗ ನೆಲ, ನೀರು ಮತ್ತು ಮಾಡಿದ ಕೈಗಳಿಗೆ ಆದಷ್ಟು ಕಡಿಮೆ ಹಾನಿ ಆಗಬೇಕು. ಇನ್‌ಕ್ಲೂಸಿವ್ ಬಟ್ಟೆ ಅಂದರೆ ದಪ್ಪಗಿರುವವರು, ಕುಳ್ಳಗಿರುವವರು, ವಯಸ್ಸಾದವರು, ಗಾಲಿಕುರ್ಚಿಯಲ್ಲಿ ಓಡಾಡುವವರು ಎಲ್ಲರಿಗೂ ಅದು ಹೊಂದಬೇಕು. ನೋಡಲಿಕ್ಕೆ ಇವು ಬೇರೆ ಬೇರೆ ವಿಷಯ. ಆದರೆ ಎರಡೂ ಬಹುಪಾಲು ತೀರ್ಮಾನವಾಗುವುದು ಒಂದೇ ಜಾಗದಲ್ಲಿ, ಬಟ್ಟೆಗೆ ಕತ್ತರಿ ತಾಗುವ ಮೊದಲು, ಡಿಸೈನರ್‌ನ ಮೇಜಿನ ಮೇಲೆ. ಮೈಗೆ ಸರಿಹೊಂದದ ಬಟ್ಟೆ ಎಷ್ಟೇ ಒಳ್ಳೆಯ ನೂಲಿನದಾದರೂ ಟ್ರಂಕಿನ ತಳ ಸೇರುತ್ತದೆ. ಉಡದ ಬಟ್ಟೆಗೆ ಸುರಿದ ನೀರು, ಬಣ್ಣ, ದುಡಿಮೆ ಎಲ್ಲ ದಂಡ.

ಇದನ್ನು ಅರ್ಥ ಮಾಡಿಕೊಳ್ಳಲು ಒಬ್ಬ ಹುಡುಗಿಯನ್ನು ಕಲ್ಪಿಸಿಕೊಳ್ಳೋಣ. ಬೆಳಗಾವಿಯಲ್ಲಿ ಡಿಸೈನ್ ಓದಿ, ಬಾಗಲಕೋಟೆಯ ನವನಗರದಲ್ಲಿ ಎರಡು ಹೊಲಿಗೆ ಮಷಿನ್ ಇಟ್ಟುಕೊಂಡು ಈಗಷ್ಟೇ ಕೆಲಸ ಶುರು ಮಾಡಿದ್ದಾಳೆ. ಒಂದು ಕುರ್ತಾ ಮಾಡಬೇಕು. ಅವಳು ಯಾವ ಯಾವ ತೀರ್ಮಾನ ತೆಗೆದುಕೊಳ್ಳಬೇಕಾಗುತ್ತದೆ, ಒಂದೊಂದಾಗಿ ನೋಡೋಣ.

ಮೊದಲು ನೂಲು

ಇವತ್ತು ಜಗತ್ತಿನಲ್ಲಿ ತಯಾರಾಗುವ ನಾರಿನಲ್ಲಿ ಅರ್ಧಕ್ಕಿಂತ ಜಾಸ್ತಿ ಪಾಲಿಯೆಸ್ಟರ್. ಅದನ್ನು ಮಾಡುವುದು ಪೆಟ್ರೋಲಿಯಂನಿಂದ. ಅಗ್ಗ, ಸುಕ್ಕಾಗುವುದಿಲ್ಲ, ಬೇಗ ಒಣಗುತ್ತದೆ. ತೊಂದರೆ ಏನೆಂದರೆ ಮಣ್ಣಿನಲ್ಲಿ ಕರಗುವುದಿಲ್ಲ. ಪ್ರತಿ ಸಲ ಒಗೆಯುವಾಗಲೂ ಕಣ್ಣಿಗೆ ಕಾಣದಷ್ಟು ಸಣ್ಣ ಪ್ಲಾಸ್ಟಿಕ್ ಎಳೆಗಳು ನೀರಿಗೆ ಸೇರುತ್ತವೆ. ಬಾಗಲಕೋಟೆಯ ಮೇ ತಿಂಗಳ ಬಿಸಿಲಿನಲ್ಲಿ ಪಾಲಿಯೆಸ್ಟರ್ ಅಂಗಿ ಹಾಕಿಕೊಂಡವರಿಗೆ ಅದು ಬೆವರು ಹೀರುವುದಿಲ್ಲ ಎಂದು ಬೇರೆ ಹೇಳಬೇಕಿಲ್ಲ.

ಹಾಗಂತ ಹತ್ತಿ ಅಂದಕೂಡಲೇ ಎಲ್ಲ ಸರಿ ಎನ್ನುವಂತಿಲ್ಲ. ಒಂದು ಕಾಟನ್ ಟೀ ಶರ್ಟ್‌ಗೆ ಸುಮಾರು 2,700 ಲೀಟರ್ ನೀರು ಬೇಕು ಎಂಬ ಲೆಕ್ಕವನ್ನು ನೀವು ಕೇಳಿರಬಹುದು. ಅದು ಜಗತ್ತಿನ ಸರಾಸರಿ. ಅದರಲ್ಲಿ ಗಿಡ ಕುಡಿದ ಮಳೆ ನೀರೂ ಸೇರಿದೆ. ಕಾಲುವೆಯಿಂದ, ಬೋರ್‌ವೆಲ್‌ನಿಂದ ನೀರು ಹಾಯಿಸಿ ಬೆಳೆದ ಹತ್ತಿ ಬೇರೆ, ಕಪ್ಪು ನೆಲದಲ್ಲಿ ಮಳೆಯನ್ನೇ ನಂಬಿ ಬೆಳೆದ ಹತ್ತಿ ಬೇರೆ. ಧಾರವಾಡ ಸೀಮೆಯ ಜಯಧರ ಎಂಬ ನಾಟಿ ಹತ್ತಿ ಈ ಎರಡನೇ ಜಾತಿಯದು. ಅದರ ಎಳೆ ಗಿಡ್ಡ. ಹಾಗಾಗಿ ನೂಲು ಸ್ವಲ್ಪ ಒರಟು. ಆದರೆ ಕೈಯಿಂದ ನೂಲಲು, ಕೈಮಗ್ಗದಲ್ಲಿ ನೇಯಲು ಒಗ್ಗುತ್ತದೆ.

ನೂಲಿನ ಆಯ್ಕೆ ಎಷ್ಟು ದೂರ ಮುಟ್ಟುತ್ತದೆ ಎಂಬುದಕ್ಕೆ ನಮ್ಮ ಪಕ್ಕದಲ್ಲೇ ಉದಾಹರಣೆ ಇದೆ. ರಾಷ್ಟ್ರಧ್ವಜಕ್ಕೆ ಬೇಕಾದ ಖಾದಿ ಬಟ್ಟೆಯನ್ನು ಬಾಗಲಕೋಟೆ ತಾಲ್ಲೂಕಿನ ತುಳಸಿಗೇರಿಯಲ್ಲಿ ನೇಯುತ್ತಾರೆ. ಅದು ಹುಬ್ಬಳ್ಳಿಯ ಬೆಂಗೇರಿಗೆ ಹೋಗಿ ಧ್ವಜವಾಗುತ್ತದೆ. 2021ರ ಡಿಸೆಂಬರ್‌ನಲ್ಲಿ ಧ್ವಜ ಸಂಹಿತೆಗೆ ತಿದ್ದುಪಡಿ ಆಯಿತು. ಪಾಲಿಯೆಸ್ಟರ್ ಬಟ್ಟೆಗೂ, ಯಂತ್ರದಲ್ಲಿ ತಯಾರಿಸಿದ ಧ್ವಜಕ್ಕೂ ಅವಕಾಶ ಸಿಕ್ಕಿತು. ನಿಯಮದ ಪುಸ್ತಕದಲ್ಲಿ ಅದು ಒಂದು ಸಾಲು. ಚರಕದ ಮುಂದೆ, ಮಗ್ಗದ ಮುಂದೆ ಕೂತವರ ಕೆಲಸಕ್ಕೆ ಅದರಿಂದ ದೊಡ್ಡ ಪೈಪೋಟಿ ಬಂತು.

ಇಳಕಲ್, ಗುಳೇದಗುಡ್ಡದ ಕಡೆ ಹತ್ತಿ ಮತ್ತು ರೇಷ್ಮೆ ಅಲ್ಲದೆ ಇನ್ನೊಂದು ನೂಲು ಬಳಕೆಯಲ್ಲಿದೆ. ನೇಕಾರರು ಅದನ್ನು ಚಮಕ ಎನ್ನುತ್ತಾರೆ. ಅದು ಕೃತಕ ರೇಷ್ಮೆ. ಹೊಳಪಿದೆ, ಬೆಲೆ ಕಡಿಮೆ. ಚಮಕದ ಸೀರೆ ಕೀಳು ಎಂದೇನೂ ಅಲ್ಲ. ಕಡಿಮೆ ದುಡ್ಡಿಗೆ ಒಳ್ಳೆಯ ಸೀರೆ ಬೇಕಾದವರಿಗೆ ಅದೇ ಆಸರೆ. ಆದರೆ ಚಮಕವನ್ನು ಅಪ್ಪಟ ರೇಷ್ಮೆ ಎಂದು ಮಾರುವುದು ತಪ್ಪು. ನಮ್ಮ ಡಿಸೈನರ್ ಚೀಟಿಯಲ್ಲಿ ಯಾವ ನೂಲು, ಎಷ್ಟು ಭಾಗ ಎಂದು ಬರೆದರೆ ಅರ್ಧ ಕೆಲಸ ಆದಂತೆ.

ಬಣ್ಣ ಹಾಕಿದ ನೀರು ಎಲ್ಲಿಗೆ ಹೋಗುತ್ತದೆ?

1856ರವರೆಗೆ ಜಗತ್ತಿನ ಬಟ್ಟೆಗಳ ಬಣ್ಣ ಬರುತ್ತಿದ್ದುದು ಗಿಡ, ಬೇರು, ತೊಗಟೆ, ಹುಳು, ಖನಿಜಗಳಿಂದ. ಆ ವರ್ಷ ಇಂಗ್ಲೆಂಡಿನಲ್ಲಿ ವಿಲಿಯಂ ಪರ್ಕಿನ್ ಎಂಬ ಹದಿನೆಂಟರ ಹುಡುಗ ಕಲ್ಲಿದ್ದಲಿನ ಟಾರಿನಿಂದ ನೇರಳೆ ಬಣ್ಣ ತೆಗೆದ. ಅಲ್ಲಿಂದ ರಾಸಾಯನಿಕ ಬಣ್ಣಗಳ ಕಾಲ ಶುರುವಾಯಿತು. ಇವು ಅಗ್ಗ, ಹೊಳೆಯುತ್ತವೆ, ಪ್ರತಿ ಸಲವೂ ಒಂದೇ ಛಾಯೆ ಬರುತ್ತದೆ.

ಹಾನಿ ಎರಡು ಕಡೆ. ಅಜೋ ಎಂಬ ಜಾತಿಯ ಕೆಲವು ರಾಸಾಯನಿಕ ಬಣ್ಣಗಳು ಒಡೆದಾಗ ಕ್ಯಾನ್ಸರ್ ತರಬಲ್ಲ ವಸ್ತು ಹುಟ್ಟುತ್ತದೆ. ಅಂಥವನ್ನು ಭಾರತ 1990ರ ದಶಕದಲ್ಲೇ ನಿಷೇಧಿಸಿದೆ. ಎರಡನೆಯದು ಬಣ್ಣ ಹಾಕಿ ಉಳಿದ ನೀರು. ನೂಲು ಬಣ್ಣವನ್ನೆಲ್ಲ ಹೀರುವುದಿಲ್ಲ. ಉಳಿದದ್ದು ಉಪ್ಪು, ಕ್ಷಾರದ ಜೊತೆ ಹೊರಗೆ ಹೋಗುತ್ತದೆ. ಶುದ್ಧ ಮಾಡದೆ ಚರಂಡಿಗೆ ಬಿಟ್ಟರೆ ಹಳ್ಳ ಸೇರುತ್ತದೆ. ಹಳ್ಳ ಮಲಪ್ರಭೆಯನ್ನೋ ಘಟಪ್ರಭೆಯನ್ನೋ ಸೇರುತ್ತದೆ.

ಇದಕ್ಕೆ ಉತ್ತರವಾಗಿ ಹೊಸ ಡಿಸೈನರ್‌ಗಳು ಗಿಡಮೂಲದ ಬಣ್ಣಕ್ಕೆ ಮರಳುತ್ತಿದ್ದಾರೆ. ಈ ಭಾಗದಲ್ಲಿ ಅದಕ್ಕೆ ಸಾಮಾನು ಬೇಕಾದಷ್ಟಿದೆ. ಬಾಗಲಕೋಟೆ, ವಿಜಯಪುರ ಎರಡೂ ದಾಳಿಂಬೆ ಬೆಳೆಯುವ ಜಿಲ್ಲೆಗಳು. ದಾಳಿಂಬೆ ಸಿಪ್ಪೆ ಕುದಿಸಿದರೆ ಹಳದಿ ಬರುತ್ತದೆ. ಅದಕ್ಕೆ ಕಬ್ಬಿಣದ ಅಂಶ ಸೇರಿಸಿದರೆ ಬೂದು ಹಸಿರಿಗೆ ತಿರುಗುತ್ತದೆ. ಈರುಳ್ಳಿ ಸಿಪ್ಪೆಯಿಂದ ಕಂದು ಕಿತ್ತಳೆ ಬರುತ್ತದೆ. ನೀಲಿಗೆ ನೀಲಿ ಗಿಡ, ಕೆಂಪಿಗೆ ಮಂಜಿಷ್ಠದ ಬೇರು. ಬಹಳಷ್ಟು ಗಿಡದ ಬಣ್ಣ ನೂಲಿಗೆ ಸುಮ್ನೆ ಅಂಟುವುದಿಲ್ಲ. ಬಣ್ಣಕ್ಕೂ ನೂಲಿಗೂ ನಡುವೆ ಹಿಡಿದಿಡುವ ಒಂದು ವಸ್ತು ಬೇಕು. ಸಾಮಾನ್ಯವಾಗಿ ಪಟಿಕ ಬಳಸುತ್ತಾರೆ.

ಇಲ್ಲೊಂದು ಎಚ್ಚರಿಕೆ ಬೇಕು. ಹಿಡಿತಕ್ಕೆ ಪಟಿಕದ ಬದಲು ತಾಮ್ರ, ಕ್ರೋಮ್ ಲವಣ ಹಾಕಿದರೆ ಗಿಡದ ಬಣ್ಣವೂ ನೀರಿಗೆ ವಿಷವೇ. ಕುದಿಸಲು ಉರುವಲು ಬೇಕು, ತೊಳೆಯಲು ನೀರು ಬೇಕು. ಕೆಲವು ಬಣ್ಣ ಬಿಸಿಲಿಗೆ ಬೇಗ ಮಾಸುತ್ತವೆ. ಅರಿಶಿನ ಅದಕ್ಕೆ ಒಳ್ಳೆಯ ಉದಾಹರಣೆ. ಎರಡು ವರ್ಷದಲ್ಲಿ ಮಾಸಿ ಮೂಲೆ ಸೇರುವ ಗಿಡದ ಬಣ್ಣಕ್ಕಿಂತ, ಸುರಕ್ಷಿತ ರಾಸಾಯನಿಕ ಬಣ್ಣವನ್ನು ನೀರು ಶುದ್ಧ ಮಾಡುವ ಘಟಕದಲ್ಲಿ ಹಾಕಿಸಿ ಇಪ್ಪತ್ತು ವರ್ಷ ಉಡುವುದೇ ಮೇಲು ಎಂದು ನನಗೆ ಅನಿಸುತ್ತದೆ.

ಮಗ್ಗ: ಕೊಂಡಿ ಹಾಕುವ ಕೈ

ಇಳಕಲ್ ಸೀರೆಯ ಹೆಚ್ಚುಗಾರಿಕೆ ಅದರ ಸೆರಗಿನಲ್ಲಿದೆ. ಉದ್ದಕ್ಕೆ ಹಾಯುವ ನೂಲು ಹಾಸು, ಅಡ್ಡಕ್ಕೆ ಲಾಳಿ ಒಯ್ಯುವ ನೂಲು ಹೊಕ್ಕು. ಬೇರೆ ಸೀರೆಗಳಲ್ಲಿ ಮೈಗೂ ಸೆರಗಿಗೂ ಸಾಮಾನ್ಯವಾಗಿ ಹಾಸು ಒಂದೇ. ಇಳಕಲ್‌ನಲ್ಲಿ ಹಾಗಲ್ಲ. ಮೈಯ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಒಂದೊಂದೇ ಎಳೆಯಾಗಿ ಕೊಂಡಿ ಹಾಕಿ ಸೇರಿಸುತ್ತಾರೆ. ಅದಕ್ಕೇ ಹತ್ತಿಯ ಮೈಗೆ ರೇಷ್ಮೆಯ ಸೆರಗು ಕೂಡುತ್ತದೆ. ಕೆಂಪು ಬಿಳಿಯ ಆ ಟೋಪ ತೆನಿ ಸೆರಗು ನೋಡಿದ ಕೂಡಲೇ ಗುರುತು ಸಿಗುತ್ತದೆ. ಚಿಕ್ಕಿ ಪರಾಸ, ಗೋಮಿ, ಗಾಡಿ ಎಂದು ದಡಿಗೂ ಹೆಸರುಗಳಿವೆ.

ನೆಲದಲ್ಲಿ ಗುಂಡಿ ತೋಡಿ ಕೂರಿಸಿದ ಕುಣಿ ಮಗ್ಗಕ್ಕೆ ಕರೆಂಟ್ ಬೇಡ. ನೇಯ್ಗೆಗೆ ಬೇಕಾದ ಶಕ್ತಿಯೆಲ್ಲ ಮನುಷ್ಯನ ಕೈಕಾಲಿನದು. ಪರಿಸರದ ಲೆಕ್ಕದಲ್ಲಿ ಇದು ದೊಡ್ಡ ಉಳಿತಾಯ. ಆದರೆ ಒಬ್ಬ ನೇಕಾರರ ಹಿಂದೆ ನೂಲು ಬಿಚ್ಚುವವರು, ಕಂಡಿಕೆ ಸುತ್ತುವವರು, ಹಾಸು ಹೂಡುವವರು, ಗಂಜಿ ಹಾಕುವವರು ಇದ್ದಾರೆ. ಇವರಲ್ಲಿ ಹೆಚ್ಚಿನವರು ಮನೆಯ ಹೆಂಗಸರು. ಅವರ ದುಡಿಮೆ ಎಷ್ಟೋ ಸಲ ಕೂಲಿಯ ಲೆಕ್ಕಕ್ಕೇ ಬರುವುದಿಲ್ಲ. ಬಹಳಷ್ಟು ನೇಕಾರರಿಗೆ ಸಾವಕಾರರು ನೂಲು ಕೊಡುತ್ತಾರೆ, ಒಂದು ಸೀರೆಗೆ ಇಷ್ಟು ಎಂದು ಮಜೂರಿ ಕೊಡುತ್ತಾರೆ. ಕೈಮಗ್ಗ ಎಂದಮಾತ್ರಕ್ಕೆ ನ್ಯಾಯದ ಕೂಲಿ ಸಿಕ್ಕಿದೆ ಎಂದು ಹೇಳಲಾಗುವುದಿಲ್ಲ.

ಕೂಲಿಯ ಈ ಪ್ರಶ್ನೆ ಜಗತ್ತಿಗೆಲ್ಲ ಕೇಳುವ ಹಾಗೆ ಎದ್ದದ್ದು 2013ರ ಏಪ್ರಿಲ್ 24ರಂದು. ಢಾಕಾ ಹತ್ತಿರದ ರಾಣಾ ಪ್ಲಾಜಾ ಕಟ್ಟಡ ಕುಸಿದು, ಅದರೊಳಗಿನ ಗಾರ್ಮೆಂಟ್ ಘಟಕಗಳ 1,100ಕ್ಕೂ ಹೆಚ್ಚು ಜನ ಸತ್ತರು. ಗೋಡೆ ಬಿರುಕು ಬಿಟ್ಟದ್ದು ಹಿಂದಿನ ದಿನವೇ ಗೊತ್ತಿತ್ತು. ಆದರೂ ಕೆಲಸಕ್ಕೆ ಕರೆದಿದ್ದರು. ನನ್ನ ಬಟ್ಟೆ ಹೊಲಿದವರು ಯಾರು ಎಂದು ಕೊಳ್ಳುವವರು ಕೇಳುವ ಚಳವಳಿ ಅಲ್ಲಿಂದ ಬೆಳೆಯಿತು.

ನಮ್ಮ ಡಿಸೈನರ್ ಇಲ್ಲಿ ಒಂದು ಇಕ್ಕಟ್ಟಿಗೆ ಸಿಗುತ್ತಾಳೆ. ಪೂರ್ತಿ ಇಳಕಲ್ ಸೀರೆ ತಂದು ಕತ್ತರಿಸಿ ಕುರ್ತಾ ಮಾಡಿದರೆ ಕೊಂಡಿಯ ಕೆಲಸಕ್ಕೆ ಬೆಲೆ ಸಿಗುತ್ತದೆ. ಆದರೆ ಸೆರಗನ್ನು ಎಲ್ಲಿ ಕೂರಿಸುವುದು ಎಂಬ ಪ್ರಶ್ನೆ ಬರುತ್ತದೆ. ಸೆರಗಿಲ್ಲದ ಮೀಟರ್ ಬಟ್ಟೆ ನೇಯಿಸಿದರೆ ಕುರ್ತಾಕ್ಕೆ ಅನುಕೂಲ. ಆಗ ಕೊಂಡಿ ಹಾಕುವ ಕೈಗೆ ಕೆಲಸ ಇಲ್ಲ. ಎರಡರ ನಡುವೆ ದಾರಿ ಇದೆ. ಕುರ್ತಾಕ್ಕೆ ಬೇಕಾದಷ್ಟೇ ಉದ್ದ, ತುದಿಗೆ ಗಿಡ್ಡ ಸೆರಗು ಬರುವ ಹಾಗೆ ನೇಕಾರರ ಹತ್ತಿರ ಕೂತು ಮಾತಾಡಿ ನೇಯಿಸಬಹುದು. ಆ ಸೆರಗು ಕುರ್ತಾದ ಕೆಳ ಅಂಚಾಗಿಯೋ ತೋಳಾಗಿಯೋ ಬರುತ್ತದೆ. ಒಳ್ಳೆಯ ಡಿಸೈನ್ ಮಗ್ಗದ ಹತ್ತಿರದಿಂದಲೇ ಶುರುವಾಗುತ್ತದೆ ಎನ್ನುವುದು ಇದಕ್ಕೇ.

ಕತ್ತರಿಗೆ ಸಿಕ್ಕ ಚೂರು

ಹಿಟ್ಟು ಲಟ್ಟಿಸಿ ಬಟ್ಟಲಿನಿಂದ ದುಂಡಗೆ ಪೂರಿ ಕತ್ತರಿಸಿದರೆ ನಡುನಡುವೆ ಚೂರು ಉಳಿಯುತ್ತದೆ. ಅದೇ ಹಿಟ್ಟಿಗೆ ಶಂಕರಪಾಳಿ ಮಾಡುವಂತೆ ಗೆರೆ ಎಳೆದರೆ ಏನೂ ಉಳಿಯುವುದಿಲ್ಲ. ಬಟ್ಟೆಯ ಕಥೆಯೂ ಇದೇ. ವ್ಯತ್ಯಾಸ ಒಂದೇ. ಹಿಟ್ಟಿನ ಚೂರನ್ನು ಮತ್ತೆ ನಾದಿ ಲಟ್ಟಿಸಬಹುದು, ಬಟ್ಟೆಯ ಚೂರನ್ನು ಆಗುವುದಿಲ್ಲ.

ತೋಳು, ಕಂಕುಳು, ಕುತ್ತಿಗೆಯ ಕಡೆ ದುಂಡು ಗೆರೆಗಳಿರುವುದರಿಂದ ಸಾಮಾನ್ಯ ಕತ್ತರಿಕೆಯಲ್ಲಿ ನೂರಕ್ಕೆ ಸುಮಾರು 15ರಷ್ಟು ಬಟ್ಟೆ ಚೂರಾಗಿ ಹೋಗುತ್ತದೆ ಎಂಬುದು ಉದ್ಯಮದಲ್ಲಿ ಹೇಳುವ ಅಂದಾಜು. ಚೂರೇ ಉಳಿಯದ ಹಾಗೆ ನಕ್ಷೆ ಹಾಕುವುದಕ್ಕೆ ಝೀರೋ ವೇಸ್ಟ್ ಕಟಿಂಗ್ ಎನ್ನುತ್ತಾರೆ. ನಮ್ಮ ಹಿರಿಯರಿಗೆ ಇದು ಹೊಸದಲ್ಲ. ಸೀರೆ, ಧೋತರ, ರುಮಾಲಿಗೆ ಕತ್ತರಿಯೇ ತಾಗುವುದಿಲ್ಲ. ಹಳೆಯ ಕಾಲದ ಅಂಗಿಗಳೂ ಆಯತ, ತ್ರಿಕೋನದ ತುಂಡುಗಳಿಂದಲೇ ಹೊಲಿದವು. ಕಂಕುಳಿನಲ್ಲಿ ಒಂದು ಚೌಕ ತುಂಡು ಹಚ್ಚುತ್ತಿದ್ದರು. ಅದರಿಂದ ಕೈ ಮೇಲೆತ್ತಿದರೂ ಅಂಗಿ ಹರಿಯುತ್ತಿರಲಿಲ್ಲ. ಹೊಲದಲ್ಲಿ ದುಡಿಯುವವರಿಗೆ ಅದು ಬೇಕೇ ಬೇಕಿತ್ತು.

ಖಣ ಸೀರೆಯಷ್ಟು ಅಗಲ ಇರುವುದಿಲ್ಲ. ಕುಬಸದ ಲೆಕ್ಕಕ್ಕೆ ನೇಯ್ದ ಬಟ್ಟೆ ಅದು. ಪೂರ್ತಿ ಕುರ್ತಾ ಅದರಲ್ಲೇ ಮಾಡುವಾಗ ಅಗಲ ಸಾಲದೆ ಚೂರು ಜಾಸ್ತಿ ಆಗುತ್ತದೆ. ಹಾಗಾಗಿ ಜಾಣ ಡಿಸೈನರ್ ಖಣವನ್ನು ಎದೆಯ ಭಾಗಕ್ಕೆ, ತೋಳಿಗೆ, ಪಕ್ಕದ ಪಟ್ಟಿಗೆ ಬಳಸುತ್ತಾಳೆ. ಉಳಿದ ಮೈಗೆ ಸಾದಾ ಹತ್ತಿ ಬಟ್ಟೆ. ದಡಿಯನ್ನು ಕತ್ತರಿಸದೆ ಅಂಚಾಗಿಯೇ ಬಿಟ್ಟರೆ ಮಡಚಿ ಹೊಲಿಯುವ ಕೆಲಸವೂ ತಪ್ಪುತ್ತದೆ.

ಬಟ್ಟೆ ಹಳತಾದ ಮೇಲಿನ ಮಾತನ್ನೂ ಇಲ್ಲೇ ಮುಗಿಸೋಣ. ಎಲೆನ್ ಮೆಕಾರ್ಥರ್ ಫೌಂಡೇಶನ್ 2017ರಲ್ಲಿ ಹೇಳಿದ ಪ್ರಕಾರ, ಬಟ್ಟೆಗೆ ಬಳಸಿದ ವಸ್ತುವಿನಲ್ಲಿ ನೂರಕ್ಕೆ ಒಂದು ಪಾಲೂ ಮತ್ತೆ ಹೊಸ ಬಟ್ಟೆಯಾಗಿ ಬರುವುದಿಲ್ಲ. ಮುಖ್ಯ ಕಾರಣಗಳಲ್ಲಿ ಒಂದು ಬೆರಕೆ ನೂಲು. ಹತ್ತಿ ಪಾಲಿಯೆಸ್ಟರ್ ಒಟ್ಟಿಗೆ ನೇಯ್ದ ಮೇಲೆ ಬೇರ್ಪಡಿಸುವುದು ಕಷ್ಟ. ಒಂದೇ ನಾರಿನ ಬಟ್ಟೆ, ಅದೇ ನಾರಿನ ದಾರ ಬಳಸಿದರೆ ಮುಂದೆ ದಾರಿ ಸುಲಭ. ನಮ್ಮ ಅಜ್ಜಿಯರು ಹಳೆಯ ಸೀರೆ ಧೋತರಗಳನ್ನು ಪದರ ಪದರ ಹಾಸಿ, ಓಡುಹೊಲಿಗೆ ಹಾಕಿ ಕೌದಿ ಮಾಡುತ್ತಿದ್ದರು. ಈಗಲೂ ಮಾಡುವವರಿದ್ದಾರೆ. ಮೆತ್ತಗಾದ ಹತ್ತಿಯಿಂದ ಮಾತ್ರ ಒಳ್ಳೆಯ ಕೌದಿ ಆಗುತ್ತದೆ. ಪಾಲಿಯೆಸ್ಟರ್ ಸೀರೆಯ ಕೌದಿ ಜಾರುತ್ತದೆ, ಸೆಕೆ ಆಗುತ್ತದೆ.

ಯಾರ ಮೈಗೆ ಹೊಲಿದದ್ದು?

ಸೀರೆಗೆ ಸೈಜ್ ಇಲ್ಲ. ತಾಯಿ ಉಟ್ಟದ್ದನ್ನೇ ಮಗಳು ಉಡುತ್ತಾಳೆ. ಬಸಿರಿಯಾದರೂ ಅದೇ ಸೀರೆ, ಬಾಣಂತಿಗೂ ಅದೇ ಸೀರೆ. ಹೊಲಿದ ಬಟ್ಟೆ ಬಂದಾಗ ಸೈಜ್ ಬಂತು, ಸೈಜ್ ಜೊತೆ ಸೈಜ್ ಸಿಗದವರೂ ಹುಟ್ಟಿಕೊಂಡರು.

ರೆಡಿಮೇಡ್ ಬಟ್ಟೆಯ ಸೈಜ್ ಹೇಗೆ ಮಾಡುತ್ತಾರೆ ಗೊತ್ತಾ? ಮೊದಲು ಒಂದು ನಡುವಿನ ಅಳತೆಗೆ ನಕ್ಷೆ ಹಾಕುತ್ತಾರೆ. ಆಮೇಲೆ ಎಲ್ಲ ಕಡೆ ಇಷ್ಟಿಷ್ಟು ಇಂಚು ಕೂಡಿಸಿ ದೊಡ್ಡದು, ಕಳೆದು ಚಿಕ್ಕದು ಮಾಡುತ್ತಾರೆ. ಇದಕ್ಕೆ ಗ್ರೇಡಿಂಗ್ ಎನ್ನುತ್ತಾರೆ. ಹತ್ತಿರದ ಸೈಜ್‌ಗಳಿಗೆ ಇದು ನಡೆಯುತ್ತದೆ. ದೂರ ಹೋದಂತೆ ಕೆಡುತ್ತದೆ. ಯಾಕೆಂದರೆ ಮನುಷ್ಯರ ಮೈ ಎಲ್ಲ ಕಡೆ ಒಂದೇ ಸಮ ಬೆಳೆಯುವುದಿಲ್ಲ. ಸೊಂಟ ಎಂಟು ಇಂಚು ಹೆಚ್ಚಾದವರ ಭುಜ ಅಷ್ಟೇನೂ ಅಗಲ ಆಗಿರುವುದಿಲ್ಲ. ದೊಡ್ಡ ಸೈಜಿನ ಕುರ್ತಾದ ಭುಜ ಜೋತುಬೀಳುವುದು, ರಟ್ಟೆಯ ಹತ್ತಿರ ಮಾತ್ರ ಬಿಗಿಯುವುದು ಇದಕ್ಕೇ. ಆಗ ಕೊಳ್ಳುವವರು ತಮ್ಮ ಮೈಯನ್ನೇ ಬೈದುಕೊಳ್ಳುತ್ತಾರೆ. ತಪ್ಪು ಅವರ ಮೈಯದ್ದಲ್ಲ, ನಕ್ಷೆಯದ್ದು. ದೊಡ್ಡ ಸೈಜ್‌ಗಳಿಗೆ ಬೇರೆಯೇ ಮೂಲ ನಕ್ಷೆ ಹಾಕುವುದು ಸರಿಯಾದ ದಾರಿ. ಅದಕ್ಕೆ ಸಮಯ, ದುಡ್ಡು ಎರಡೂ ಬೇಕು. ಅದಕ್ಕೇ ಬಹಳ ಕಂಪನಿಗಳು ಆ ಗೋಜಿಗೆ ಹೋಗುವುದಿಲ್ಲ.

ಇನ್ನೊಂದು ಸಮಸ್ಯೆ, ಭಾರತದ ಅಂಗಡಿಗಳಲ್ಲಿ ಬಳಕೆಯಲ್ಲಿರುವ ಸೈಜ್ ಪಟ್ಟಿಗಳು ಬಹುಪಾಲು ಅಮೆರಿಕ, ಬ್ರಿಟನ್ ಅಳತೆಗಳಿಂದ ಬಂದವು. ನಮ್ಮದೇ ಪಟ್ಟಿ ಮಾಡಲು ಫ್ಯಾಷನ್ ಕಲಿಸುವ ಕೇಂದ್ರ ಸರ್ಕಾರದ ನಿಫ್ಟ್ ಸಂಸ್ಥೆಯ ಸಮೀಕ್ಷೆಯೊಂದನ್ನು 2018ರಲ್ಲಿ ಘೋಷಿಸಲಾಯಿತು. ಆರು ನಗರಗಳಲ್ಲಿ 15ರಿಂದ 65 ವಯಸ್ಸಿನ 25,000 ಜನರ ಮೈ ಅಳತೆಯನ್ನು ತ್ರೀಡಿ ಸ್ಕ್ಯಾನರ್‌ನಿಂದ ತೆಗೆಯುವುದು ಅದರ ಯೋಜನೆ.

ಸೈಜ್‌ನ ಆಚೆಗೂ ಜನ ಇದ್ದಾರೆ. 2011ರ ಜನಗಣತಿಯಲ್ಲಿ ಅಂಗವಿಕಲರೆಂದು ಲೆಕ್ಕಕ್ಕೆ ಬಂದವರು 2.68 ಕೋಟಿ. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆ 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸುತ್ತದೆ. ಇವರ ಜೊತೆ ಸಂಧಿವಾತದ ಅಜ್ಜ ಅಜ್ಜಿಯರು, ಪಾರ್ಶ್ವವಾಯು ಹೊಡೆದವರು, ಡಯಾಲಿಸಿಸ್‌ಗೆ ಹೋಗುವವರು, ಕೈ ಮುರಿದುಕೊಂಡು ಪ್ಲಾಸ್ಟರ್ ಹಾಕಿಸಿಕೊಂಡವರನ್ನೂ ಸೇರಿಸಿ. ಇವರಿಗೆಲ್ಲ ಬಟ್ಟೆ ಹಾಕಿಕೊಳ್ಳುವುದೇ ದಿನದ ಮೊದಲ ಕಷ್ಟ. ಇಂಥವರ ಅಗತ್ಯ ನೋಡಿ ಮಾಡುವ ಬಟ್ಟೆಗೆ ಅಡಾಪ್ಟಿವ್ ಬಟ್ಟೆ ಎನ್ನುತ್ತಾರೆ.

ಗಾಲಿಕುರ್ಚಿಯಲ್ಲಿ ಇಡೀ ದಿನ ಕೂರುವವರ ಪ್ಯಾಂಟನ್ನೇ ತೆಗೆದುಕೊಳ್ಳಿ. ಅಂಗಡಿಯ ಪ್ಯಾಂಟ್ ನಿಂತವರ ಲೆಕ್ಕಕ್ಕೆ ಹೊಲಿದದ್ದು. ಕೂತಾಗ ಹಿಂದೆ ಕೆಳಕ್ಕೆ ಜಾರುತ್ತದೆ, ಮುಂದೆ ಹೊಟ್ಟೆಗೆ ಒತ್ತುತ್ತದೆ, ಕೆಳಗೆ ಪಾದದಿಂದ ಮೇಲೇರುತ್ತದೆ. ಹಿಂದಿನ ಜೇಬು, ದಪ್ಪ ಹೊಲಿಗೆ ಚರ್ಮವನ್ನು ಒತ್ತಿ ಹುಣ್ಣು ಮಾಡಬಲ್ಲವು. ಸ್ಪರ್ಶ ಗೊತ್ತಾಗದವರಿಗೆ ಆ ಹುಣ್ಣು ಆಗಿದ್ದೇ ತಿಳಿಯುವುದಿಲ್ಲ. ಹಾಗಾಗಿ ಹಿಂದೆ ಎತ್ತರ, ಮುಂದೆ ತಗ್ಗು, ಹಿಂದಿನ ಜೇಬು ಇಲ್ಲ, ಜೇಬು ತೊಡೆಯ ಮೇಲೆ, ಉದ್ದ ಸ್ವಲ್ಪ ಜಾಸ್ತಿ. ಕಾಲಿಗೆ ಆಸರೆಯ ಕ್ಯಾಲಿಪರ್ ಹಾಕುವವರಿಗೆ ಕಾಲಿನ ಪಕ್ಕದಲ್ಲಿ ಉದ್ದ ಜಿಪ್. ನೋಡುವವರಿಗೆ ಅದು ಸಾಮಾನ್ಯ ಪ್ಯಾಂಟೇ.

ಅಮೆರಿಕದಲ್ಲಿ ಮೌರಾ ಹಾರ್ಟನ್ ಎಂಬವರ ಪತಿ ಫುಟ್‌ಬಾಲ್ ಕೋಚ್ ಆಗಿದ್ದರು. ಪಾರ್ಕಿನ್ಸನ್ಸ್ ಕಾಯಿಲೆಯಿಂದ ಅವರಿಗೆ ಅಂಗಿಯ ಗುಂಡಿ ಹಾಕಿಕೊಳ್ಳಲು ಆಗದಾಯಿತು. ಮೌರಾ ಅವರು ಗುಂಡಿಯ ಹಿಂದೆ ಅಯಸ್ಕಾಂತ ಇಟ್ಟ ಅಂಗಿ ಮಾಡಿದರು. ಹೊರಗಿನಿಂದ ಗುಂಡಿ, ಒಳಗೆ ಮುಟ್ಟಿದರೆ ಅಂಟುವ ಅಯಸ್ಕಾಂತ. ಎದೆಯಲ್ಲಿ ಪೇಸ್‌ಮೇಕರ್ ಇರುವವರು ಮಾತ್ರ ಇಂಥ ಅಂಗಿ ಹಾಕಬಾರದು. ಅವರಿಗೆ ವೆಲ್‌ಕ್ರೋ ಆದೀತು.

ನಮ್ಮ ಬಟ್ಟೆಗಳಲ್ಲೇ ಮಾಡಬಹುದಾದದ್ದು ಎಷ್ಟೋ ಇದೆ. ಕುಬಸದ ಗುಂಡಿ ಮುಂದೆ ಇರುವುದೇ ಒಂದು ಅನುಕೂಲ. ಹಿಂದೆ ಹುಕ್ಕು ಹಾಕುವ ಬ್ಲೌಸಿಗಿಂತ ಭುಜ ನೋವಿನ ಹೆಂಗಸಿಗೆ, ಮೊಲೆ ಹಾಲು ಕುಡಿಸುವ ತಾಯಿಗೆ ಅದು ಸುಲಭ. ಇಳಕಲ್ ಸೀರೆಯನ್ನು ಕತ್ತರಿಸದೆ, ನೆರಿಗೆ ಮಡಚಿ ಪಟ್ಟಿಗೆ ಹೊಲಿದು ಸೊಂಟಕ್ಕೆ ಕಟ್ಟುವ ಹಾಗೆ ಮಾಡಬಹುದು. ಕೂತೇ ಉಡಬಹುದು. ಮುಂದೆ ಬೇಕಾದರೆ ಹೊಲಿಗೆ ಬಿಚ್ಚಿದರೆ ಮತ್ತೆ ಸೀರೆ. ಡಯಾಲಿಸಿಸ್‌ಗೆ ಹೋಗುವವರ ಕುರ್ತಾದ ತೋಳಿಗೆ ಉದ್ದಕ್ಕೆ ಜಿಪ್ ಇಟ್ಟರೆ ಪೂರ್ತಿ ಬಿಚ್ಚಬೇಕಿಲ್ಲ. ಆಟಿಸಂ ಇರುವ ಕೆಲವು ಮಕ್ಕಳಿಗೆ ಕುತ್ತಿಗೆ ಹಿಂದಿನ ಚೀಟಿ ಚುಚ್ಚುವುದು ತಡೆಯಲಾಗದು. ಅಲ್ಲಿ ಚೀಟಿ ಬದಲು ಮುದ್ರೆ ಒತ್ತಿದರೆ ಸಾಕು. ಖಣದ ಹಿಂಬದಿಯಲ್ಲಿ ದಾರ ತೇಲುವುದರಿಂದ ಕೆಲವರಿಗೆ ಕೆರೆತ. ಒಳಗೆ ಮೆತ್ತನೆ ಹತ್ತಿಯ ಅಸ್ತರ್ ಕೊಡಬೇಕು.

ಕಸೂತಿಯನ್ನೂ ಇಲ್ಲಿ ಬೇರೆ ಕಣ್ಣಿನಿಂದ ನೋಡಬಹುದು. ಗವಂತಿ, ಮುರ್ಗಿ, ನೇಗಿ, ಮೆಂತೆ ಎಂದು ಅದರಲ್ಲಿ ನಾಲ್ಕು ಹೊಲಿಗೆ. ಮೆಂತೆ ಅಡ್ಡಹೊಲಿಗೆ, ಬೆರಳಿಗೆ ಉಬ್ಬಾಗಿ ಸಿಗುತ್ತದೆ. ಗವಂತಿ ತೆಳು ಗೆರೆ. ಕಣ್ಣು ಕಾಣದವರ ಕುರ್ತಾದ ಒಳ ಅಂಚಿನಲ್ಲಿ ಕೆಂಪು ಬಟ್ಟೆಗೆ ಒಂದು ಗುರುತು, ಹಸಿರಿಗೆ ಇನ್ನೊಂದು ಗುರುತು ಹಾಕಿದರೆ ಅವರು ಮುಟ್ಟಿಯೇ ಬಣ್ಣ ಆರಿಸಬಹುದು. ಇಂಥ ಗುರುತನ್ನು ಹಾಕುವ ಮೊದಲು ಅದನ್ನು ಬಳಸುವವರನ್ನೇ ಕೇಳಬೇಕು. ಇನ್‌ಕ್ಲೂಸಿವ್ ಡಿಸೈನ್‌ನಲ್ಲಿ ಎಲ್ಲಕ್ಕಿಂತ ಮುಖ್ಯವಾದ ನಿಯಮ ಅದೇ.

ಬೆಲೆ ಯಾಕೆ ಜಾಸ್ತಿ?

ಕಾರ್ಖಾನೆ ಒಂದೇ ನಕ್ಷೆಯ ಸಾವಿರಾರು ಕುರ್ತಾ ಹೊಲಿಯುತ್ತದೆ. ನಕ್ಷೆಯ ಖರ್ಚು ಅಷ್ಟಕ್ಕೂ ಹಂಚಿಹೋಗುತ್ತದೆ. ನಮ್ಮ ಡಿಸೈನರ್ ಒಂದು ನಕ್ಷೆಯಲ್ಲಿ ಇಪ್ಪತ್ತು ಹೊಲಿದರೆ ಹೆಚ್ಚು. ಕೈಮಗ್ಗದ ಬಟ್ಟೆ ನಿಧಾನ, ನೇಕಾರರಿಗೆ ಮುಂಗಡ ಕೊಡಬೇಕು, ದೊಡ್ಡ ಸೈಜಿಗೆ ಬಟ್ಟೆ ಜಾಸ್ತಿ ಬೇಕು. ದೊಡ್ಡ ಸೈಜಿಗೆ ಬೇರೆ ಬೆಲೆ ಹಾಕದೆ ಎಲ್ಲ ಸೈಜಿಗೂ ಒಂದೇ ಬೆಲೆ ಇಡುವ ಡಿಸೈನರ್‌ಗಳಿದ್ದಾರೆ. ಆಗ ಆ ವೆಚ್ಚ ಎಲ್ಲರ ಮೇಲೂ ಸ್ವಲ್ಪ ಸ್ವಲ್ಪ ಬೀಳುತ್ತದೆ.

ಕೊಳ್ಳುವವರು ಒಂದು ಸಲ ಉಡಲು ಎಷ್ಟು ಬಿತ್ತು ಎಂದು ಲೆಕ್ಕ ಹಾಕಿ ನೋಡಬಹುದು. ಉದಾಹರಣೆಗೆ 400 ರೂಪಾಯಿಯ ಕುರ್ತಾ ಎಂಟು ಸಲಕ್ಕೆ ಬಣ್ಣ ಬಿಟ್ಟು ಮೂಲೆ ಸೇರಿದರೆ ಒಂದು ಸಲಕ್ಕೆ 50 ರೂಪಾಯಿ. 1,800 ರೂಪಾಯಿಯದು ತೊಂಬತ್ತು ಸಲ ಬಂದರೆ 20 ರೂಪಾಯಿ. ಆದರೆ ಒಮ್ಮೆಗೇ 1,800 ರೂಪಾಯಿ ಕೈಯಲ್ಲಿ ಇಲ್ಲದವರಿಗೆ ಈ ಲೆಕ್ಕ ಹೇಳಿ ಪ್ರಯೋಜನ ಇಲ್ಲ. ಬಡವರಿಗೆ ಎಟುಕದ ಬಟ್ಟೆಯನ್ನು ಇನ್‌ಕ್ಲೂಸಿವ್ ಎಂದು ಕರೆಯುವುದು ಎಷ್ಟು ಸರಿ ಎಂಬ ಪ್ರಶ್ನೆ ಡಿಸೈನರ್‌ಗಳ ನಡುವೆಯೇ ಇದೆ. ಕೆಲವರು ಚೂರಿನಿಂದ ಅಗ್ಗದ ಸಾಮಾನು ಮಾಡುತ್ತಾರೆ. ಕೆಲವರು ಹಳೆಯ ಸೀರೆ ತಂದುಕೊಟ್ಟರೆ ಹೊಲಿಗೆ ಕೂಲಿಗಷ್ಟೇ ಹೊಸ ಬಟ್ಟೆ ಮಾಡಿಕೊಡುತ್ತಾರೆ.

ಚೀಟಿಯನ್ನು ನಂಬುವುದು ಹೇಗೆ?

ಸುಮ್ನೆ ಪರಿಸರಸ್ನೇಹಿ ಎಂದು ಬರೆದು ಮಾರುವುದಕ್ಕೆ ಗ್ರೀನ್‌ವಾಷಿಂಗ್ ಎನ್ನುತ್ತಾರೆ. ಇದನ್ನು ತಡೆಯಲು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2024ರ ಅಕ್ಟೋಬರ್‌ನಲ್ಲಿ ಮಾರ್ಗಸೂಚಿ ತಂದಿದೆ. ನೈಸರ್ಗಿಕ, ಹಸಿರು, ಪರಿಸರಸ್ನೇಹಿ ಎಂಬ ಮಾತು ಬಳಸಿದರೆ ಅದಕ್ಕೆ ಪುರಾವೆ ಇರಬೇಕು, ವಿವರ ಕೊಡಬೇಕು. ಕೈಮಗ್ಗದ ಬಟ್ಟೆಗೆ ಹ್ಯಾಂಡ್‌ಲೂಮ್ ಮಾರ್ಕ್ 2006ರಿಂದ ಇದೆ. ಅಪ್ಪಟ ರೇಷ್ಮೆಗೆ ಸಿಲ್ಕ್ ಮಾರ್ಕ್. ಇಳಕಲ್ ಸೀರೆಗೂ ಗುಳೇದಗುಡ್ಡ ಖಣಕ್ಕೂ ಜಿಐ, ಅಂದರೆ ಭೌಗೋಳಿಕ ಗುರುತಿನ ಮಾನ್ಯತೆ ಇದೆ. ಹಾಗಾಗಿ ಬೇರೆ ಊರಲ್ಲಿ ಮಾಡಿದ್ದನ್ನು ಆ ಹೆಸರಿನಲ್ಲಿ ಮಾರುವಂತಿಲ್ಲ. ಆದರೂ ಬಜಾರದಲ್ಲಿ ಪಾಲಿಯೆಸ್ಟರ್ ಮೇಲೆ ಇಳಕಲ್ ದಡಿ ಅಚ್ಚುಹಾಕಿದ್ದು ಸಿಗುತ್ತದೆ.

ಮನೆಯಲ್ಲೇ ಮಾಡಬಹುದಾದ ಒಂದು ಪರೀಕ್ಷೆ ಇದೆ. ಅಂಚಿನಿಂದ ಒಂದೆರಡು ಎಳೆ ತೆಗೆದು ಚಿಮಟದಲ್ಲಿ ಹಿಡಿದು ಸುಡಿ. ಹತ್ತಿ ಕಾಗದದಂತೆ ಉರಿದು ಮೆತ್ತನೆ ಬೂದಿ ಬಿಡುತ್ತದೆ. ರೇಷ್ಮೆ ಕೂದಲು ಸುಟ್ಟ ವಾಸನೆ ಬರುತ್ತದೆ, ಕರಿ ಉಂಡೆಯನ್ನು ಬೆರಳಲ್ಲಿ ಪುಡಿ ಮಾಡಬಹುದು. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಕೃತಕ ರೇಷ್ಮೆಯಲ್ಲಿ ವಿಸ್ಕೋಸ್ ಜಾತಿಯದು ಹತ್ತಿಯಂತೆಯೇ ಉರಿಯುತ್ತದೆ. ಹಾಗಾಗಿ ರೇಷ್ಮೆ ಎಂದು ಕೊಟ್ಟ ನೂಲಿನಲ್ಲಿ ಕೂದಲಿನ ವಾಸನೆ ಬರದಿದ್ದರೆ ಅನುಮಾನ ಪಡಿ.

ನಿಮ್ಮ ಟೇಲರ್ ಹತ್ತಿರವೇ ಆಗುವ ಕೆಲಸ

ಇದಕ್ಕೆಲ್ಲ ಡಿಸೈನರ್‌ನೇ ಹುಡುಕಬೇಕಿಲ್ಲ. ಅಳತೆ ತೆಗೆದು ಹೊಲಿಯುವ ಟೇಲರ್‌ಗಳು ನಮ್ಮ ಊರುಗಳಲ್ಲಿ ಇನ್ನೂ ಇದ್ದಾರೆ. ಹೊಸ ಬಟ್ಟೆ ಹೊಲಿಸುವಾಗ ಪಕ್ಕದ ಹೊಲಿಗೆಯೊಳಗೆ ಒಂದೂವರೆ ಇಂಚು ಬಟ್ಟೆ ಬಿಡಲು ಹೇಳಿ. ಮೈ ಬದಲಾದಾಗ ಬಿಚ್ಚಿ ಅಗಲ ಮಾಡಬಹುದು. ಹತ್ತಿಯ ಬಟ್ಟೆಯನ್ನು ಕತ್ತರಿಸುವ ಮೊದಲು ನೀರಲ್ಲಿ ನೆನೆಸಿ ಒಣಗಿಸಿ, ಆಮೇಲೆ ಕುಗ್ಗುವುದು ತಪ್ಪುತ್ತದೆ. ಅಜ್ಜನ ಅಂಗಿಯ ಗುಂಡಿ ಹಾಗೇ ಮೇಲೆ ಹೊಲಿದಿಟ್ಟು, ಒಳಗೆ ವೆಲ್‌ಕ್ರೋ ಹಚ್ಚಿಸಬಹುದು. ವೆಲ್‌ಕ್ರೋದ ಒರಟು ಭಾಗ ಮೈ ಕಡೆಗೆ ಬರಬಾರದು, ಒಗೆಯುವಾಗ ಅದನ್ನು ಮುಚ್ಚಿಡಬೇಕು. ಗಾಲಿಕುರ್ಚಿಯಲ್ಲಿ ಇರುವವರ ಅಳತೆಯನ್ನು ಅವರು ಕೂತಿರುವಾಗಲೇ ತೆಗೆಸಿ. ಸೊಂಟದಿಂದ ಮೊಣಕಾಲು, ಮೊಣಕಾಲಿನಿಂದ ಹಿಮ್ಮಡಿ, ಹಿಂದೆ ಸೊಂಟದಿಂದ ಕುರ್ಚಿಯ ಆಸನದವರೆಗೆ, ಈ ಮೂರು ಅಳತೆ ಟೇಲರ್‌ನ ಪುಸ್ತಕದಲ್ಲಿ ಬರೆಸಿದರೆ ಮುಂದಿನ ಸಲ ಅವರು ಅಂಗಡಿಗೆ ಬರಬೇಕಾಗಿಯೂ ಇಲ್ಲ.